ಕಟಿಂಗ್ ಮೆಷಿನ್‌ನಲ್ಲಿ ಕನ್ನಡ ಅಕ್ಷರ ಕೆಟ್ಟಾಗ: ಫಾಂಟ್‌ನಿಂದ ಬ್ಲೇಡ್‌ವರೆಗೆ ದೋಷ ಹುಡುಕುವ ಕ್ರಮ

ಕಾಸರಗೋಡಿನ ನಮ್ಮ ಕಡೆ ಹೊಸ ಮನೆಯ ಹೆಸರಿನ ಫಲಕ, ಮದುವೆ ಮಂಟಪದ ಹಿಂಬದಿಯ ಅಕ್ಷರಗಳು, ತೊಟ್ಟಿಲ ಶಾಸ್ತ್ರಕ್ಕೆ ಮಗುವಿನ ಹೆಸರು, ಶಾಲಾ ವಾರ್ಷಿಕೋತ್ಸವದ ಅಲಂಕಾರ ಮುಂತಾದವುಗಳನ್ನು ಮನೆಯಲ್ಲೇ ಸಣ್ಣ ಕಟಿಂಗ್ ಮೆಷಿನ್ (ಕಂಪ್ಯೂಟರ್‌ನಲ್ಲಿ ಬರೆದ ಆಕಾರವನ್ನು ಬ್ಲೇಡ್‌ನಿಂದ ಕತ್ತರಿಸುವ ಯಂತ್ರ) ಇಟ್ಟುಕೊಂಡು ಮಾಡುವವರಿದ್ದಾರೆ. ಕತ್ತರಿಸಿದ ಅಕ್ಷರ ಹರಿದಾಗ ಅಥವಾ ಉದುರಿದಾಗ ಹೆಚ್ಚಿನವರು ಮೊದಲು ಬ್ಲೇಡ್ ಬದಲಾಯಿಸುತ್ತಾರೆ, ಆಮೇಲೆ ಒತ್ತಡ ಹೆಚ್ಚಿಸುತ್ತಾರೆ, ಕೊನೆಗೆ ಮೆಷಿನ್ನೇ ಸರಿಯಿಲ್ಲವೆಂದು ತೀರ್ಮಾನಿಸುತ್ತಾರೆ. ನಾನೂ ಹಾಗೆಯೇ ಮಾಡಿ ಹಲವು ಹಾಳೆ ವಿನೈಲ್ (ಸ್ಟಿಕ್ಕರ್‌ಗೆ ಬಳಸುವ ತೆಳು ಪ್ಲಾಸ್ಟಿಕ್) ಕಳೆದುಕೊಂಡ ಮೇಲೆ ತಿಳಿದದ್ದು ಇಷ್ಟು: ಕನ್ನಡದ ಕೆಲಸದಲ್ಲಿ ದೋಷವು ಬಹುಪಾಲು ಬ್ಲೇಡ್ ಹಾಳೆಯನ್ನು ಮುಟ್ಟುವ ಮೊದಲೇ, ಅಂದರೆ ಫಾಂಟ್ ಆರಿಸುವಾಗಲೇ ಸೇರಿಕೊಂಡಿರುತ್ತದೆ. ಆದ್ದರಿಂದ ಇಲ್ಲಿ ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ ಬ್ಲೇಡ್ ಮತ್ತು ಯಂತ್ರದ ವಿಚಾರವನ್ನು ಕೊನೆಗೆ ಇಟ್ಟಿದ್ದೇನೆ.

ಯಾವ ಫಾಂಟನ್ನಾದರೂ ಕತ್ತರಿಸುವ ಮೊದಲು ಐದು ಪದಗಳನ್ನು ಅದರಲ್ಲಿ ಟೈಪ್ ಮಾಡಿ ನೋಡುವುದು ನನ್ನ ರೂಢಿ: ಮಧೂರು, ಪೆರ್ಲ, ಮಂಜೇಶ್ವರ, ಪೈವಳಿಕೆ, ಸಮೃದ್ಧಿ. ಮೊದಲ ನಾಲ್ಕು ನಮ್ಮ ಊರುಗಳು, ಐದನೆಯದು ಮನೆಗಳಿಗೆ ಇಡುವ ಹೆಸರು. ಮಧೂರಿನಲ್ಲಿ ಮಹಾಪ್ರಾಣದ ಗೀಟೂ ಕೊಂಬಿನ ದೀರ್ಘವೂ ಇವೆ, ಪೆರ್ಲದಲ್ಲಿ ಅರ್ಕಾವೊತ್ತು, ಮಂಜೇಶ್ವರದಲ್ಲಿ ಸೊನ್ನೆಯೂ ವ ಒತ್ತೂ, ಪೈವಳಿಕೆಯಲ್ಲಿ ಐತ್ವ, ಸಮೃದ್ಧಿಯಲ್ಲಿ ವಟ್ರಸುಳಿಯೂ ಧ ಒತ್ತೂ ಇವೆ. ಈ ಐದೂ ಸರಿಯಾಗಿ ಮೂಡಿದರೆ ಆ ಫಾಂಟನ್ನು ನಂಬಬಹುದು. ‘ಕಮಲ’, ‘ಜನಕ’ದಂಥ ಸರಳ ಪದಗಳನ್ನು ಮಾತ್ರ ನೋಡಿ ಫಾಂಟ್ ಆರಿಸಿದವರಿಗೆ ದೋಷ ಕಾಣುವುದು ಹಾಳೆ ಕತ್ತರಿಸಿದ ಮೇಲೆಯೇ.

ಪರದೆಯ ಮೇಲೆಯೇ ಅಕ್ಷರ ಒಡೆದು ಕಾಣುತ್ತದೆ

ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ನೀವು ಆರಿಸಿದ ಫಾಂಟ್‌ನಲ್ಲಿ ಕನ್ನಡವೇ ಇಲ್ಲವೆಂದು ಅರ್ಥ. ಇದರ ಇನ್ನೊಂದು ರೂಪ ಹೆಚ್ಚು ಮೋಸಗೊಳಿಸುತ್ತದೆ: ಪಟ್ಟಿಯಲ್ಲಿರುವ ಯಾವ ಚಂದದ ಫಾಂಟನ್ನು ಒತ್ತಿದರೂ ಇಂಗ್ಲಿಷ್ ಅಕ್ಷರಗಳು ಬದಲಾಗುತ್ತವೆ, ಕನ್ನಡ ಮಾತ್ರ ಅದೇ ಮುಖದಲ್ಲಿ ಉಳಿಯುತ್ತದೆ. ಆ ಫಾಂಟ್‌ಗಳಲ್ಲಿ ಕನ್ನಡ ಇಲ್ಲದ ಕಾರಣ ಕಂಪ್ಯೂಟರ್ ತನ್ನಲ್ಲಿರುವ ನಿರ್ಮಲಾ ಅಥವಾ ತುಂಗಾ ಫಾಂಟನ್ನು ತಂದು ತೋರಿಸುತ್ತಿರುತ್ತದೆ. ಬಲೂ ತಮ್ಮ 2, ಅನೇಕ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ನವಿಲು, ಗುಬ್ಬಿ ಮುಂತಾದ ಕನ್ನಡದ ಫಾಂಟ್‌ಗಳು ಉಚಿತವಾಗಿಯೇ ಸಿಗುತ್ತವೆ. ಮಾರಾಟಕ್ಕಾಗಿ ಕೆಲಸ ಮಾಡುವವರು ಪರವಾನಗಿಯನ್ನು ಒಮ್ಮೆ ಓದಿಕೊಳ್ಳಬೇಕು. ‘ಸ್ವಂತ ಬಳಕೆಗೆ ಮಾತ್ರ’ ಎಂದು ಬರೆದಿರುವ ಫಾಂಟ್‌ನಲ್ಲಿ ಗ್ರಾಹಕರ ಫಲಕ ಮಾಡುವುದು ಸರಿಯಲ್ಲ.

ಒತ್ತಕ್ಷರ ಕೆಳಗೆ ಇಳಿಯದೆ ‘ಶ್’ ಮತ್ತು ‘ವ’ ಅಕ್ಕಪಕ್ಕ ನಿಂತರೆ, ಗುಡಿಸು ಅಥವಾ ಏತ್ವ ಅಕ್ಷರಕ್ಕೆ ಅಂಟದೆ ದೂರ ಉಳಿದರೆ, ಚುಕ್ಕೆಗಳ ಒಂದು ವೃತ್ತ ನಡುವೆ ಕಾಣಿಸಿಕೊಂಡರೆ, ಆಗ ಫಾಂಟ್ ಸರಿಯಿದ್ದು ತಂತ್ರಾಂಶ ಸೋತಿದೆಯೆಂದು ತಿಳಿಯಬೇಕು. ಯೂನಿಕೋಡ್ ಕನ್ನಡದಲ್ಲಿ ನಾವು ಟೈಪ್ ಮಾಡುವುದು ವ್ಯಂಜನ, ವಿರಾಮ (ವ್ಯಂಜನದ ಅಕಾರ ತೆಗೆಯುವ ಚಿಹ್ನೆ), ಸ್ವರಚಿಹ್ನೆಗಳ ಸಾಲನ್ನು ಮಾತ್ರ. ಅವುಗಳನ್ನು ಕೂಡಿಸಿ ಒಂದು ಅಕ್ಷರದ ಆಕಾರ ಕೊಡುವ ಕೆಲಸವನ್ನು ತಂತ್ರಾಂಶವು ಫಾಂಟ್‌ನೊಳಗಿನ ನಿಯಮಗಳನ್ನು ಓದಿ ಮಾಡಬೇಕು. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಕತ್ತರಿಸುವ ತಂತ್ರಾಂಶಗಳಲ್ಲಿ ಈ ಕೆಲಸ ಎಲ್ಲೆಡೆ ಸರಿಯಾಗಿ ನಡೆಯುವುದಿಲ್ಲ. ಪರಿಹಾರಕ್ಕೆ ಖರ್ಚಿಲ್ಲ: ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಹೆಸರನ್ನು ಟೈಪ್ ಮಾಡಿ, ‘ಆಬ್ಜೆಕ್ಟ್ ಟು ಪಾತ್’ ಆಜ್ಞೆಯಿಂದ ಅಕ್ಷರವನ್ನು ಗೆರೆಯ ಆಕಾರವಾಗಿಸಿ, ಎಸ್‌ವಿಜಿ ಎಂಬ, ಗೆರೆಯ ಆಕಾರಗಳನ್ನು ಇಡುವ ಬಗೆಯ ಕಡತವಾಗಿ ಉಳಿಸಿ, ಕತ್ತರಿಸುವ ತಂತ್ರಾಂಶಕ್ಕೆ ಕೊಡಿ. ಒಮ್ಮೆ ಗೆರೆಯಾದ ಮೇಲೆ ಯಾವ ತಂತ್ರಾಂಶವೂ ಅದನ್ನು ಒಡೆಯಲಾರದು. ಆದರೆ ತಿದ್ದಲೂ ಬರುವುದಿಲ್ಲವಾದ್ದರಿಂದ ಟೈಪ್ ಮಾಡಿದ ಮೂಲ ಪ್ರತಿಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಕೆಲವು ಮೆಷಿನ್‌ಗಳ ಮೂಲ ತಂತ್ರಾಂಶ ಎಸ್‌ವಿಜಿ ತೆರೆಯುವುದಿಲ್ಲ. ಆಗ ಇಂಕ್‌ಸ್ಕೇಪ್‌ನಿಂದಲೇ ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಯ ಕಡತವಾಗಿ ಉಳಿಸಿ ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಹೆಸರಿನ ಚಿತ್ರವನ್ನು ಟ್ರೇಸ್ ಮಾಡಿ ಕತ್ತರಿಸುವ ಅಡ್ಡದಾರಿಯನ್ನು ಹಿಡಿಯಬೇಡಿ. ಅದರ ಅಂಚು ನಡುಗಿದಂತೆ ಬರುತ್ತದೆ, ಬೇಡದ ನೂರಾರು ಬಿಂದುಗಳು ಸೇರಿ ಮೆಷಿನ್ ತಡವರಿಸಿ ಕತ್ತರಿಸುತ್ತದೆ.

ಟೋಪಿ, ಚುಕ್ಕೆ ಹೊತ್ತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಆ ಪಠ್ಯ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಪದ್ಧತಿಯಲ್ಲಿ ಟೈಪ್ ಆದದ್ದು. ಡಿಟಿಪಿ ಮಾಡುವವರಿಂದ ಆಮಂತ್ರಣ ಪತ್ರಿಕೆಯ ಪಠ್ಯ ತರಿಸಿಕೊಂಡಾಗ ಇದು ಸಾಮಾನ್ಯ. ಆ ತಂತ್ರಾಂಶಗಳಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಒಂದೊಂದು ಒತ್ತನ್ನೂ ಮೂಲದೊಂದಿಗೆ ಹೋಲಿಸಿ.

‘ರಾಜ್‌ಕುಮಾರ್’ ಎಂಬ ಹೆಸರು ‘ರಾಜ್ಕುಮಾರ್’ ಎಂದು ಕೂಡಿಕೊಂಡರೆ ಅದು ಫಾಂಟ್‌ನ ತಪ್ಪಲ್ಲ. ನಡುವೆ ಕಾಣದ ಬಿಡಿಸುವ ಸಂಕೇತವೊಂದು ಟೈಪ್ ಆಗದೆ ಉಳಿದಿದೆ. ಹೆಸರು ಹೇಗೆ ಬರೆಯಬೇಕೆಂದು ಮನೆಯವರನ್ನೇ ಕೇಳಿ ತೀರ್ಮಾನಿಸುವುದು ಒಳ್ಳೆಯದು.

ಪರದೆಯಲ್ಲಿ ಸರಿಯಿದೆ, ಕತ್ತರಿಸಿದಾಗ ಅಕ್ಷರದೊಳಗೆ ಅಡ್ಡ ಸೀಳು

‘ಸ’ ಅಕ್ಷರ ಇಡಿಯಾಗಿ ಬರಬೇಕಾದಲ್ಲಿ ತಲಕಟ್ಟು ಬೇರೆ, ಹೊಟ್ಟೆ ಬೇರೆಯಾಗಿ ಕತ್ತರಿಸಿ ಬಂದರೆ, ಅಕ್ಷರದ ತುಂಡುಗಳು ಒಂದರ ಮೇಲೊಂದು ಹಾಯ್ದಿವೆ ಎಂದು ತಿಳಿಯಿರಿ. ಮುದ್ರಣದಲ್ಲಿ ಎರಡು ಕಪ್ಪು ಆಕಾರಗಳು ಒಂದರ ಮೇಲೊಂದು ಬಿದ್ದರೂ ಕಣ್ಣಿಗೆ ಒಂದೇ ಕಪ್ಪಾಗಿ ಕಾಣುತ್ತದೆ. ಬ್ಲೇಡ್ ಹಾಗಲ್ಲ, ಪ್ರತಿಯೊಂದು ಆಕಾರದ ಅಂಚಿನಲ್ಲೂ ನಡೆಯುತ್ತದೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಇದು ಹೆಚ್ಚು, ಏಕೆಂದರೆ ಅವುಗಳಲ್ಲಿ ಅಕ್ಷರದ ದೇಹ, ತಲಕಟ್ಟು, ಕೊಂಬು, ಇಳಿ ಎಲ್ಲವೂ ಬಿಡಿ ಅಚ್ಚುಗಳಂತೆ ಇದ್ದು ಒಂದರ ಪಕ್ಕ ಒಂದು ಕೂಡಿಕೊಳ್ಳುತ್ತವೆ. ಈ ಗುಣದಿಂದಲೇ ಅವು ಕನ್ನಡ ತಿಳಿಯದ ತಂತ್ರಾಂಶದಲ್ಲೂ ಪರದೆಯ ಮೇಲೆ ಸರಿಯಾಗಿ ಕಾಣುತ್ತವೆ, ಕತ್ತರಿಸುವಾಗ ಕೈಕೊಡುತ್ತವೆ. ಅನೇಕ್ ಕನ್ನಡದಂತೆ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದಾದ ಹೊಸ ಬಗೆಯ ಫಾಂಟ್‌ಗಳಲ್ಲೂ ಒಂದು ಅಕ್ಷರದೊಳಗೇ ಆಕಾರಗಳು ಹಾಯ್ದಿರಬಹುದು.

ಇದನ್ನು ಮೊದಲೇ ಕಂಡುಕೊಳ್ಳಲು ಅಕ್ಷರದ ಒಳಬಣ್ಣ ತೆಗೆದು ಅಂಚುಗೆರೆ ಮಾತ್ರ ಉಳಿಸಿ ನೋಡಿ. ನೀವು ಕಾಣುವ ಪ್ರತಿಯೊಂದು ಗೆರೆಯೂ ಬ್ಲೇಡ್ ನಡೆಯುವ ದಾರಿ. ಒಳಗೆ ಅಡ್ಡಗೆರೆ ಇದ್ದರೆ ಗುಂಪನ್ನು ಬಿಡಿಸಿ, ಎಲ್ಲವನ್ನೂ ಆರಿಸಿ ‘ಯೂನಿಯನ್’ ಮಾಡಬೇಕು. ಇದೇ ಕೆಲಸಕ್ಕೆ ಬೇರೆ ತಂತ್ರಾಂಶಗಳಲ್ಲಿ ‘ವೆಲ್ಡ್’ ಎಂಬ ಹೆಸರಿದೆ. ‘ಕಂಬೈನ್’ ಎಂಬ ಇನ್ನೊಂದು ಆಜ್ಞೆ ಇದೇ ಎಂದು ಭಾವಿಸಿ ಅದನ್ನು ಬಳಸಿದರೆ ಗೆರೆಗಳು ಹಾಗೇ ಉಳಿದು, ಹಾಯ್ದ ಜಾಗ ತೂತಾಗಿಯೂ ಕತ್ತರಿಸಿ ಬರಬಹುದು.

ಒತ್ತು, ಸೊನ್ನೆಗಳು ಮ್ಯಾಟ್‌ನ ಬೇರೆ ಮೂಲೆಯಲ್ಲಿ ಕತ್ತರಿಸಿ ಬಂದಿವೆ

ಹಾಳೆ ಉಳಿಸುವ ಉದ್ದೇಶದಿಂದ ಕೆಲವು ತಂತ್ರಾಂಶಗಳು ಬಿಡಿ ತುಂಡುಗಳನ್ನು ಮ್ಯಾಟ್‌ನ (ಹಾಳೆಯನ್ನು ಅಂಟಿಸಿ ಮೆಷಿನ್‌ಗೆ ಕೊಡುವ ಅಂಟಿನ ಹಲಗೆಯ) ಮೇಲೆ ತಾವೇ ಮರುಜೋಡಿಸುತ್ತವೆ. ಕ್ರಿಕಟ್ ಕಂಪನಿಯ ಮೆಷಿನ್ ಬಳಸುವವರು ಇಡೀ ಹೆಸರನ್ನು ಆರಿಸಿ ‘ಅಟ್ಯಾಚ್’ ಒತ್ತಿದರೆ ಸಾಕು, ಪರದೆಯಲ್ಲಿದ್ದ ಸ್ಥಾನದಲ್ಲೇ ಕತ್ತರಿಸಿ ಬರುತ್ತದೆ. ಹೆಸರು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಂದಿದ್ದರೆ ‘ಮಿರರ್’ ಆಯ್ಕೆ ನೋಡಿ. ಬಟ್ಟೆಗೆ ಇಸ್ತ್ರಿ ಮಾಡಿ ಅಂಟಿಸುವ ವಿನೈಲ್‌ಗೆ ಅದು ಬೇಕು, ಗೋಡೆ, ಫಲಕಗಳ ಸ್ಟಿಕ್ಕರ್‌ಗೆ ಬೇಡ.

ಸಣ್ಣ ಗೀಟು, ಒತ್ತುಗಳು ಉದುರಿ ಅಕ್ಷರವೇ ಬದಲಾಗುತ್ತದೆ

ಇದನ್ನು ನಾನು ಎಲ್ಲಕ್ಕಿಂತ ಗಂಭೀರ ದೋಷವೆಂದು ಪರಿಗಣಿಸುತ್ತೇನೆ, ಏಕೆಂದರೆ ಅಂಚು ಸ್ವಲ್ಪ ಹರಿದರೆ ಅಂದ ಕೆಡುತ್ತದೆ, ಗೀಟು ಉದುರಿದರೆ ಪದವೇ ಕೆಡುತ್ತದೆ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವಿನ ಅಂತರ ಅಕ್ಷರದ ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಅದು ಬಿದ್ದುಹೋದರೆ ‘ಧನ’ ಎಂಬುದು ‘ದನ’ ಆಗುತ್ತದೆ.

ನೀರ್ಚಾಲಿನ ಸಮೀಪದ ಸಂಬಂಧಿಕರ ಮನೆಯ ಒಕ್ಕಲಿಗೆ (ಗೃಹಪ್ರವೇಶಕ್ಕೆ) ‘ಸಮೃದ್ಧಿ’ ಎಂಬ ಫಲಕ ಮಾಡಿಕೊಟ್ಟಿದ್ದೆ. ಕಪ್ಪು ವಿನೈಲ್, ತೇಗದ ಹಲಗೆ, ಅಕ್ಷರದ ಎತ್ತರ ಸುಮಾರು ಎರಡು ಇಂಚು. ತೆಳು ಮತ್ತು ದಪ್ಪ ಗೆರೆಗಳು ಬೆರೆತ, ಪುಸ್ತಕದಲ್ಲಿ ಬಹಳ ಚಂದ ಕಾಣುವ ಫಾಂಟ್ ಅದು. ಬೇಡದ ವಿನೈಲನ್ನು ಸೂಜಿಯಿಂದ ಬಿಡಿಸುವಾಗ ಧ ಒತ್ತಿನ ಗೀಟು ಅದರ ಜತೆಗೇ ಎದ್ದು ಬಂದದ್ದು ನನ್ನ ಗಮನಕ್ಕೆ ಬರಲಿಲ್ಲ. ಹಲಗೆಯನ್ನು ಗೋಡೆಗೆ ತೂಗುಹಾಕಿದ ಮೇಲೆ ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, “ದಕ್ಕೆ ದ ಒತ್ತು ಉಂಟಲ್ಲ ಮಗಾ, ಧ ಎಲ್ಲಿ?” ಎಂದು ಕೇಳಿದರು. ಬಿಸಾಡಿದ ಚೂರುಗಳ ನಡುವೆ ಹುಡುಕಿದಾಗ ಆ ಗೀಟು ಸಿಕ್ಕಿತು: ಅಕ್ಕಿಯ ನುಚ್ಚಿನಷ್ಟು ಉದ್ದ, ಅದರ ಅರ್ಧದಷ್ಟೂ ದಪ್ಪವಿಲ್ಲ. ಬ್ಲೇಡ್ ಅದನ್ನು ಬಹಳ ಚೊಕ್ಕವಾಗಿ ಕತ್ತರಿಸಿತ್ತು. ಅಷ್ಟು ಸಣ್ಣ ಚೂರಿಗೆ ಹಿಂಬದಿಯ ಕಾಗದವನ್ನು ಹಿಡಿದುಕೊಳ್ಳುವಷ್ಟು ಅಂಟೇ ಇರಲಿಲ್ಲ.

ಇಂಥದ್ದನ್ನು ಮುಂಚಿತವಾಗಿ ಹಿಡಿಯುವ ವಿಧಾನ ಸುಲಭ. ಹೆಸರನ್ನು ಕತ್ತರಿಸುವ ನಿಜವಾದ ಅಳತೆಗೆ ತಂದು, ಪಕ್ಕದಲ್ಲಿ 1 ಮಿಲಿಮೀಟರ್ ವ್ಯಾಸದ ಒಂದು ವೃತ್ತ ಬರೆದು, ಅದನ್ನು ಅಕ್ಷರದ ಅತಿ ತೆಳುವಾದ ಜಾಗಗಳ ಮೇಲೆ ಒಂದೊಂದಾಗಿ ಇಟ್ಟು ನೋಡಿ. ವೃತ್ತವು ಗೆರೆಯ ಎರಡೂ ಬದಿಗೆ ಹೊರಚಾಚಿದರೆ ಆ ಜಾಗ ವಿನೈಲ್‌ಗೆ ತೀರ ತೆಳುವಾಯಿತು. ದಪ್ಪ ಕಾರ್ಡ್‌ಗೆ ನಾನು 2 ಮಿಲಿಮೀಟರ್ ವೃತ್ತ ಇಡುತ್ತೇನೆ. ದೊಡ್ಡ ಅಕ್ಷರಗಳ ಮೇಲಲ್ಲ, ಒತ್ತುಗಳ ಮೇಲೆ, ವಟ್ರಸುಳಿಯ ಬಾಲದ ಮೇಲೆ, ಮಹಾಪ್ರಾಣದ ಗೀಟಿನ ಮೇಲೆ ಇಡಬೇಕು. ಒತ್ತಕ್ಷರವನ್ನು ಮುಖ್ಯ ಅಕ್ಷರಕ್ಕಿಂತ ಚಿಕ್ಕದಾಗಿ ಬರೆದಿರುವುದರಿಂದ ಅದರ ಗೆರೆಯೂ ಸಾಮಾನ್ಯವಾಗಿ ತೆಳುವಾಗಿರುತ್ತದೆ, ಮೊದಲು ಸೋಲುವುದು ಅದೇ.

ತೆಳುವೆಂದು ಕಂಡರೆ ಅದೇ ಫಾಂಟ್‌ನ ಬೋಲ್ಡ್ ರೂಪ ಇದೆಯೇ ನೋಡಿ. ನೋಟೋ ಸ್ಯಾನ್ಸ್ ಕನ್ನಡದಲ್ಲಿ ಒಂಬತ್ತು ದಪ್ಪಗಳಿವೆ, ಬಲೂ ತಮ್ಮ 2 ರಲ್ಲಿ ಐದು. ಎರಡನೆಯದರ ದುಂಡು ತುದಿ ಮತ್ತು ಸಮದಪ್ಪದ ಗೆರೆಗಳು ಸಣ್ಣ ಅಳತೆಯ ಕೆಲಸಕ್ಕೆ ನನಗೆ ಹೆಚ್ಚು ಒಗ್ಗಿವೆ. ಆದರೆ ಅತ್ಯಂತ ದಪ್ಪದ ರೂಪದಲ್ಲಿ ಅಕ್ಷರದ ಒಳಗಿನ ಖಾಲಿ ಜಾಗ ಕಿರಿದಾಗಿ ಗುಂಡಿಯಂತಾಗುವುದರಿಂದ ಒಂದು ಮೆಟ್ಟಿಲು ಕೆಳಗೆ ನಿಲ್ಲುವುದು ಲೇಸು. ಬೋಲ್ಡ್ ಇಲ್ಲದ ಫಾಂಟೇ ಬೇಕೆಂದರೆ, ಗೆರೆಯಾಗಿಸಿದ ಆಕಾರವನ್ನು ‘ಔಟ್‌ಸೆಟ್’ ಅಥವಾ ‘ಆಫ್‌ಸೆಟ್’ ಆಜ್ಞೆಯಿಂದ ಸ್ವಲ್ಪ ಹಿಗ್ಗಿಸಿ.

ಹಲಗೆ ಸಾಲದೆಂದು ಉದ್ದದ ಹೆಸರನ್ನು ಅಡ್ಡಕ್ಕೆ ಹಿಸುಕಬೇಡಿ. ಅಗಲವನ್ನು 60 ಶೇಕಡಕ್ಕೆ ಇಳಿಸಿದರೆ ನಿಂತ ಗೆರೆಗಳ ದಪ್ಪವೂ 60 ಶೇಕಡಕ್ಕೆ ಇಳಿಯುತ್ತದೆ. ಅನೇಕ್ ಕನ್ನಡದಲ್ಲಿ ಕಿರಿದಾದ ರೂಪವನ್ನೇ ಬೇರೆಯಾಗಿ ವಿನ್ಯಾಸ ಮಾಡಿದ್ದಾರೆ, ಅದನ್ನು ಬಳಸಿ.

ಕೇಕ್ ಮೇಲೆ ಚುಚ್ಚುವ ಹೆಸರು, ತೂಗುಹಾಕುವ ಅಕ್ಷರಮಾಲೆಗಳಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಕನ್ನಡದ ಒತ್ತು, ಐತ್ವದ ಕೆಳಚಿಹ್ನೆ, ಸೊನ್ನೆ ಇವು ಹೆಚ್ಚಿನ ಫಾಂಟ್‌ಗಳಲ್ಲಿ ಮುಖ್ಯ ಅಕ್ಷರವನ್ನು ಮುಟ್ಟುವುದೇ ಇಲ್ಲ. ಬೆನ್ನಿಗೆ ಆಧಾರವಿಲ್ಲದ ಕೆಲಸದಲ್ಲಿ ಅವು ಕೆಳಗೆ ಬೀಳಲೇಬೇಕು. ಒತ್ತನ್ನು ಮೇಲಕ್ಕೆ ಸರಿಸಿ ಅಕ್ಷರಕ್ಕೆ ತಾಗಿಸಿ ಯೂನಿಯನ್ ಮಾಡಬಹುದು, ಅಥವಾ ಹೆಸರಿನ ಸುತ್ತ 3-4 ಮಿಲಿಮೀಟರ್ ಹಿಗ್ಗಿಸಿದ ಇನ್ನೊಂದು ಬಣ್ಣದ ಹಾಳೆಯನ್ನು ಬೆನ್ನಿಗೆ ಅಂಟಿಸಬಹುದು. ಎರಡನೆಯ ದಾರಿಯಲ್ಲಿ ಅಕ್ಷರದ ಆಕಾರಕ್ಕೆ ಕೈಹಚ್ಚಬೇಕಾಗಿಲ್ಲವಾದ್ದರಿಂದ ನನಗೆ ಅದೇ ಇಷ್ಟ.

ಸ್ಟೆನ್ಸಿಲ್‌ನಲ್ಲಿ ಅಕ್ಷರದ ಹೊಟ್ಟೆ ಬಿದ್ದುಹೋಗುತ್ತದೆ

ಬಣ್ಣ ಬಳಿಯಲು ಸ್ಟೆನ್ಸಿಲ್ ಕತ್ತರಿಸಿದಾಗ ‘ರ’ದ ಒಳಗಿನ ಭಾಗ, ಸೊನ್ನೆಯ ನಡುಭಾಗ ಉದುರಿ ದೊಡ್ಡ ತೂತು ಉಳಿಯುತ್ತದೆ. ‘ಠ’ದಲ್ಲಿ ಉದುರುವ ಭಾಗದೊಳಗೇ ಚುಕ್ಕೆಯೂ ಇದೆ. ಇದಕ್ಕೆ ಪ್ರತಿಯೊಂದು ಮುಚ್ಚಿದ ಹೊಟ್ಟೆಗೂ ಹೊರಗಿನ ಹಾಳೆಗೂ ನಡುವೆ ಎರಡು ಸಣ್ಣ ಸೇತುವೆಗಳನ್ನು ಬಿಡಬೇಕು. ಒಂದೇ ಸೇತುವೆಯಾದರೆ ಬಣ್ಣದ ಕುಂಚ ತಾಗಿದಾಗ ಅದು ಬಾಗಿಲಿನಂತೆ ತಿರುಗುತ್ತದೆ. ಮಹಾಪ್ರಾಣದ ಗೀಟಿನ ಹತ್ತಿರ ಸೇತುವೆ ಇಡಬೇಡಿ, ಓದುವವರಿಗೆ ಗೊಂದಲವಾಗುತ್ತದೆ.

ಅಂಚು ಹರಿಯುತ್ತದೆ, ಗೆರೆ ಕೂಡುವುದಿಲ್ಲ, ಅಕ್ಷರ ಎದ್ದು ಬರುತ್ತದೆ

ಬ್ಲೇಡ್‌ನ ವಿಚಾರ ಬರುವುದು ಈಗ. ಅದೇ ಹಾಳೆಯ ಮೂಲೆಯಲ್ಲಿ ಒಂದು ಇಂಚಿನ ಚೌಕ ಮತ್ತು ಅದೇ ಅಳತೆಯ ವೃತ್ತ ಕತ್ತರಿಸಿ. ಎರಡೂ ಚೊಕ್ಕವಾಗಿ ಬಂದು ಅಕ್ಷರ ಮಾತ್ರ ಹರಿದರೆ ಫಾಂಟ್ ತೆಳುವಾಯಿತು ಅಥವಾ ಅದರ ಗೆರೆಯಲ್ಲಿ ಬಿಂದುಗಳು ಹೆಚ್ಚಾದವು, ಮೇಲಿನ ಭಾಗಕ್ಕೆ ಮರಳಿ. ಚೌಕದ ಮೂಲೆಯೇ ಹರಿದರೆ ಬ್ಲೇಡ್, ಮ್ಯಾಟ್, ಹಾಳೆ ಈ ಮೂರರಲ್ಲಿ ಒಂದರ ದೋಷ. ವೃತ್ತದ ಆರಂಭ ಮತ್ತು ಕೊನೆ ಕೂಡದೆ ಹೋದರೆ ಹಾಳೆ ಸರಿದಿದೆ, ಇಲ್ಲವೇ ಬ್ಲೇಡ್‌ನ ತುದಿ ತಿರುಗುವ ನಡುವಿನಿಂದ ಎಷ್ಟು ದೂರವಿದೆಯೆಂದು ತಿಳಿಸುವ ‘ಆಫ್‌ಸೆಟ್’ ಸೆಟ್ಟಿಂಗ್ (ಹಿಗ್ಗಿಸುವ ಆಜ್ಞೆಯಲ್ಲ) ತಪ್ಪಿದೆ.

ಮ್ಯಾಟ್ ಮೊದಲು. ಬೆರಳಿನಿಂದ ಒತ್ತಿದಾಗ ಅಂಟು ಹಿಡಿಯದಿದ್ದರೆ ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿ ಗಾಳಿಗೆ ಒಣಗಿಸಿ. ನಂತರ ಪ್ಲಗ್ ತೆಗೆದು, ಬ್ಲೇಡ್‌ನ ಗೂಡನ್ನು ಹೊರತೆಗೆದು, ತುದಿಯಲ್ಲಿ ಸಿಕ್ಕಿಕೊಂಡ ಕಾಗದದ ಎಳೆಗಳನ್ನು ಕುಂಚದಿಂದ ತೆಗೆಯಿರಿ. ಬೆರಳಿನಿಂದ ತುದಿಯ ಹರಿತ ನೋಡುವ ಅಭ್ಯಾಸ ಬೇಡ, ಅದು ಚರ್ಮವನ್ನು ನೋವೇ ತಿಳಿಯದಂತೆ ಸೀಳುತ್ತದೆ. ಒಂದು ಎಳೆ ಸಿಕ್ಕಿಕೊಂಡ ಬ್ಲೇಡ್ ಮೊಂಡಾದ ಬ್ಲೇಡ್‌ನಂತೆಯೇ ವರ್ತಿಸುವುದರಿಂದ, ಸ್ವಚ್ಛಗೊಳಿಸಿ ಚೌಕವನ್ನು ಮತ್ತೆ ಕತ್ತರಿಸಿ ನೋಡಿದ ಮೇಲಷ್ಟೇ ಹೊಸತನ್ನು ಕೊಳ್ಳಿ. ತೆಗೆದ ಹಳೆಯ ಬ್ಲೇಡನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ, ಕಸ ಎತ್ತುವವರ ಕೈಗೆ ತಾಗಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೂರನೆಯ ಕಾರಣವಾದ ಹಾಳೆಯೇ ಮುಖ್ಯವಾಗುತ್ತದೆ. ಆಟಿಯ ಮಳೆಯಲ್ಲಿ ಕಪಾಟಿನಲ್ಲಿಟ್ಟ ಕಾರ್ಡ್ ಹಾಳೆಯೂ ತೇವ ಹೀರಿ ಮೆತ್ತಗಾಗುತ್ತದೆ. ಬ್ಲೇಡ್ ಅದನ್ನು ಕತ್ತರಿಸುವ ಬದಲು ಎಳೆದುಕೊಂಡು ಹೋಗುತ್ತದೆ, ವಟ್ರಸುಳಿಯಂಥ ಬಿಗಿ ತಿರುವಿನಲ್ಲಿ ನಾರು ಎದ್ದು ನಿಲ್ಲುತ್ತದೆ. ಹಾಳೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಮಳೆಗಾಲದಲ್ಲಿ ನಾನು ಕಾರ್ಡ್ ಕೆಲಸಕ್ಕೆ ಒಂದು ಮೆಟ್ಟಿಲು ದಪ್ಪದ ಫಾಂಟನ್ನೇ ಆರಿಸುತ್ತೇನೆ.

ಅಳತೆ ತಪ್ಪುತ್ತದೆ, ಅಥವಾ ಕನ್ನಡವೂ ಮಲಯಾಳವೂ ಹೊಂದುವುದಿಲ್ಲ

ಇಂಕ್‌ಸ್ಕೇಪ್‌ನಲ್ಲಿ 9 ಇಂಚಿದ್ದ ಹೆಸರು ಕತ್ತರಿಸುವ ತಂತ್ರಾಂಶದಲ್ಲಿ 12 ಇಂಚಾಗಿ ತೆರೆದರೆ ಗಾಬರಿಯಾಗಬೇಡಿ. ಒಂದು ತಂತ್ರಾಂಶ ಇಂಚಿಗೆ 96 ಬಿಂದುಗಳೆಂದು ಬರೆದದ್ದನ್ನು ಇನ್ನೊಂದು 72 ಎಂದು ಓದಿದೆ. ಅಗಲವನ್ನು ಅಲ್ಲೇ ಮತ್ತೆ 9 ಎಂದು ಬರೆಯಿರಿ, ಎತ್ತರವೂ ಅದೇ ಅನುಪಾತದಲ್ಲಿ ಬದಲಾಗುವಂತೆ ಬೀಗದ ಗುರುತು ಹಾಕಿರಲಿ.

ಕನ್ನಡ, ಮಲಯಾಳ ಎರಡೂ ಇರುವ ಫಲಕದಲ್ಲಿ ಎರಡಕ್ಕೂ ಒಂದೇ ಅಂಕಿಯ ಅಳತೆ ಕೊಟ್ಟರೂ ಒಂದು ಲಿಪಿ ದೊಡ್ಡದಾಗಿ ಕಾಣುವುದುಂಟು. ಅಂಕಿಯನ್ನು ಮರೆತು, ಒತ್ತಿಲ್ಲದ ಒಂದು ಅಕ್ಷರದ ದೇಹವನ್ನು ಎರಡು ಲಿಪಿಗಳಲ್ಲೂ ಸಮ ಎತ್ತರಕ್ಕೆ ತನ್ನಿ, ಆಮೇಲೆ ಗೆರೆಯ ದಪ್ಪ ಹೊಂದಿಸಿ. ಮಲಯಾಳದ ಮಂಜರಿ ಫಾಂಟ್‌ಗೆ ದುಂಡು ತುದಿ ಇರುವುದರಿಂದ ಬಲೂ ತಮ್ಮದ ಜತೆ ಅದು ಚೆನ್ನಾಗಿ ಕೂಡುತ್ತದೆ. ಮಲಯಾಳದಲ್ಲಿ 1971ರ ಲಿಪಿ ಸುಧಾರಣೆಗೆ ಮೊದಲಿನ ಹಳೆಯ ಲಿಪಿಯೂ ಆಮೇಲಿನ ಹೊಸ ಲಿಪಿಯೂ ಬಳಕೆಯಲ್ಲಿರುವುದರಿಂದ ಮನೆಯವರಿಗೆ ಯಾವುದು ಬೇಕೆಂದು ಕೇಳಿಕೊಳ್ಳಿ. ತುಳು ಲಿಪಿಯಲ್ಲಿ ಹೆಸರು ಬೇಕೆನ್ನುವವರೂ ಇದ್ದಾರೆ. ತುಳು-ತಿಗಳಾರಿ ಯೂನಿಕೋಡ್‌ಗೆ ಸೇರಿದ್ದು 2024ರಲ್ಲಿ, ಆದ್ದರಿಂದ ಅದನ್ನು ಗೆರೆಯಾಗಿಸದೆ ಇನ್ನೊಂದು ಕಂಪ್ಯೂಟರಿಗೆ ಕಳುಹಿಸಲೇಬೇಡಿ, ಲಿಪಿ ಬಲ್ಲವರಿಗೆ ತೋರಿಸದೆ ಕತ್ತರಿಸಲೂಬೇಡಿ.

ಪೆನ್ನಿನಿಂದ ಬರೆಸಿದರೆ ಅಕ್ಷರ ಟೊಳ್ಳಾಗಿ ಬರುತ್ತದೆ

ಫಾಂಟ್ ಎಂಬುದು ಅಂಚಿನ ಗೆರೆಯಾದ್ದರಿಂದ ಪೆನ್ನು ಎರಡೂ ಅಂಚಿನಲ್ಲಿ ನಡೆಯುತ್ತದೆ. ಇದು ದೋಷವಲ್ಲ. ಒಂಟಿ ಗೆರೆಯ ಅಕ್ಷರ ಬೇಕಾದರೆ ಫಾಂಟನ್ನು ಮಸುಕಾಗಿ ಕೆಳಗಿಟ್ಟು, ಅದರ ನಡುವಿನಲ್ಲಿ ನಿಮ್ಮ ಕೈಯಿಂದಲೇ ಗೆರೆ ಎಳೆಯಬೇಕು. ನಾಲ್ಕು ಅಕ್ಷರದ ಹೆಸರಿಗೆ ಅದು ದೊಡ್ಡ ಕೆಲಸವಲ್ಲ.

ಯಾವಾಗ ನಿಲ್ಲಿಸಬೇಕು

ಸುಟ್ಟ ವಾಸನೆ ಬಂದರೆ, ಬ್ಲೇಡ್ ಹೊತ್ತ ಭಾಗ ಬದಿಗೆ ಬಡಿದು ಕಟಕಟ ಶಬ್ದ ಮಾಡಿದರೆ, ಚೌಕವನ್ನು ಕತ್ತರಿಸಿದಾಗಲೂ ಪ್ರತಿಸಲ ಒಂದೇ ದಿಕ್ಕಿಗೆ ಸರಿದು ಬಂದರೆ, ಸ್ವಿಚ್ ಆರಿಸಿ ಪ್ಲಗ್ ತೆಗೆದು ಅಲ್ಲಿಗೇ ನಿಲ್ಲಿಸಿ. ಒಳಗಿನ ಬೆಲ್ಟ್, ಮೋಟರ್‌ಗಳನ್ನು ಮನೆಯಲ್ಲಿ ಬಿಚ್ಚಬಾರದು, ವಾರಂಟಿ ಇದ್ದರೆ ಅದೂ ಹೋಗುತ್ತದೆ. ಕತ್ತರಿಸುತ್ತಿರುವಾಗ ಅಕ್ಷರ ಎದ್ದಿತೆಂದು ಬೆರಳು ಹಾಕಬೇಡಿ, ಮಕ್ಕಳು ಹತ್ತಿರ ಇರುವಾಗ ಮೆಷಿನ್ ಬಿಟ್ಟು ಏಳಬೇಡಿ. ತುಲಾ ತಿಂಗಳ ಸಂಜೆಯ ಗುಡುಗು ಮಿಂಚಿಗೆ ಮೆಷಿನ್ನಿನ ಪ್ಲಗ್ ತೆಗೆದಿರಲಿ. ನಡುವೆ ಕರೆಂಟ್ ಹೋದರೆ ಮೆಷಿನ್ ತನ್ನ ಸ್ಥಾನ ಮರೆಯುತ್ತದೆ, ಅದೇ ಹಾಳೆಯ ಮೇಲೆ ಮತ್ತೆ ಕತ್ತರಿಸಿದರೆ ಗೆರೆ ಕೂಡಿ ಬರುವ ಭರವಸೆಯಿಲ್ಲ.

ಮನೆಯಲ್ಲಿ ಆಗದ ಸೂಕ್ಷ್ಮ ಕೆಲಸವನ್ನು ಪೇಟೆಯ ಲೇಸರ್ ಕಟಿಂಗ್ ಅಂಗಡಿಗೆ ಒಯ್ಯುವವರು ಪಿವಿಸಿ ವಿನೈಲನ್ನು ಮಾತ್ರ ಅಲ್ಲಿ ಕತ್ತರಿಸಲು ಕೊಡಬಾರದು. ಲೇಸರ್‌ನ ಶಾಖಕ್ಕೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬಂದು ಉಸಿರಿಗೂ ಯಂತ್ರಕ್ಕೂ ಹಾನಿ ಮಾಡುತ್ತದೆ. ಅಂಗಡಿಗೆ ಅಕ್ರಿಲಿಕ್ ಅಥವಾ ಮರದ ಹಾಳೆಯನ್ನೂ ಗೆರೆಯಾಗಿಸಿದ ಕಡತವನ್ನೂ ಕೊಡಿ. ಕಡತದ ಜತೆ ಹೆಸರನ್ನು ಒಂದು ಕಾಗದದಲ್ಲಿ ದೊಡ್ಡದಾಗಿ ಕೈಯಲ್ಲೇ ಬರೆದು ಕೊಡಿ. ಕನ್ನಡ ಓದಲು ಬಾರದ ಕೆಲಸಗಾರರೂ ಆ ಕಾಗದವನ್ನು ಪಕ್ಕದಲ್ಲಿಟ್ಟು ಗೀಟು, ಒತ್ತುಗಳನ್ನು ಒಂದೊಂದಾಗಿ ತಾಳೆ ನೋಡಬಹುದು.